ಪ್ರಯೋಗಶಾಲೆಗೆ ಹೆಣ್ಣುಮಕ್ಕಳ ದಾರಿ

ಬಾನುಲಿಗೆ ‘ಆಕಾಶವಾಣಿ’ ಎಂಬ ಸೊಗಸಾದ ಹೆಸರು ಬಂದುದು 1930ರ ದಶಕದಲ್ಲಿ, ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರ ಕೇಂದ್ರದಿಂದ. ವಾಣಿಯೆಂದರೆ ಮಾತು, ಸರಸ್ವತಿಯೂ ಹೌದು. ವಿದ್ಯೆಗೆ ಸ್ತ್ರೀರೂಪವನ್ನಿತ್ತು ನವರಾತ್ರಿಯಲ್ಲಿ ಪುಸ್ತಕಗಳನ್ನಿರಿಸಿ ಪೂಜಿಸುವವರು ನಾವು. ಮಗಳು ದೂರದ ಊರಿಗೆ ಹೋಗಿ ಭೌತಶಾಸ್ತ್ರ ಓದುತ್ತೇನೆಂದರೆ ಹುಬ್ಬು ಗಂಟಿಕ್ಕುವವರೂ ನಾವೇ.

ಬಾನುಲಿಯ ಅಲೆಗಳ ಶಾಸ್ತ್ರವನ್ನೇ ಬಾಳಿನ ಕೆಲಸವಾಗಿಸಿಕೊಂಡ ಮಹಿಳೆಯೊಬ್ಬರು ನಮ್ಮ ನಾಡಿನಲ್ಲಿದ್ದರು. ಅವರೇ 1922ರಲ್ಲಿ ಜನಿಸಿದ ರಾಜೇಶ್ವರಿ ಚಟರ್ಜಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್‌ಸಿ. ಮುಗಿಸಿ, 1943ರಲ್ಲಿ ಜನರು ‘ಟಾಟಾ ಇನ್‌ಸ್ಟಿಟ್ಯೂಟ್’ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಅಮೆರಿಕದ ಮಿಷಿಗನ್ನಿನಲ್ಲಿ ಡಾಕ್ಟರೇಟ್ ಪಡೆದು, 1953ರಲ್ಲಿ ಅದೇ ಸಂಸ್ಥೆಗೆ ಅಧ್ಯಾಪಕಿಯಾಗಿ ಮರಳಿದರು. ಅವರ ವಿಷಯ ಸೂಕ್ಷ್ಮ ತರಂಗ, ಅಂದರೆ ಮೈಕ್ರೋವೇವ್. ರೇಡಿಯೋದ ಮಧ್ಯಮ ತರಂಗದಲ್ಲಿ ಒಂದು ಅಲೆಯ ಉದ್ದ ನೂರಾರು ಮೀಟರ್. ಸೂಕ್ಷ್ಮ ತರಂಗದಲ್ಲಾದರೋ ಹೆಚ್ಚಾಗಿ ಕೆಲವೇ ಸೆಂಟಿಮೀಟರ್. ಅಲೆ ಗಿಡ್ಡದಾದಷ್ಟೂ ಅದನ್ನು ಸಣ್ಣ ಆಂಟೆನಾದಿಂದಲೇ ಬೇಕಾದ ದಿಕ್ಕಿಗೆ ಕಿರಣದಂತೆ ಹಾಯಿಸಬಹುದು. ರಡಾರಿಗೂ ಉಪಗ್ರಹಗಳ ಸಂಪರ್ಕಕ್ಕೂ ಇದು ಆಧಾರ. ಪತಿ ಶಿಶಿರ್ ಕುಮಾರ್ ಚಟರ್ಜಿಯವರೊಡನೆ ಅವರು ಈ ಶಾಸ್ತ್ರಕ್ಕೆ ಪ್ರಯೋಗಶಾಲೆಯನ್ನೇ ಕಟ್ಟಿದರು.

ಇವರಿಗಿಂತ ಹತ್ತು ವರ್ಷ ಮೊದಲು, 1933ರಲ್ಲಿ, ಅದೇ ಸಂಸ್ಥೆಗೆ ಮುಂಬಯಿಯಿಂದ ಕಮಲಾ ಭಾಗವತ್ ಬಂದರು. ಮುಂದೆ ಕಮಲಾ ಸೊಹೋನಿ ಎಂದು ಹೆಸರಾದವರು. ಪದವಿ ಪರೀಕ್ಷೆಯಲ್ಲಿ ಮೊದಲಿಗರಾಗಿದ್ದರೂ, ಹೆಣ್ಣೆಂಬ ಕಾರಣಕ್ಕೆ ಅವರ ಅರ್ಜಿ ತಿರಸ್ಕೃತವಾಯಿತು. ನಿರ್ದೇಶಕರಾಗಿದ್ದವರು ಸರ್ ಸಿ. ವಿ. ರಾಮನ್. ಕಮಲಾ ಪಟ್ಟು ಬಿಡಲಿಲ್ಲ. ಕಡೆಗೆ, ಒಂದು ವರ್ಷ ಪರೀಕ್ಷಾರ್ಥವಾಗಿ, ಪುರುಷ ಸಂಶೋಧಕರ ಗಮನ ಕೆಡಿಸಕೂಡದೆಂಬ ಷರತ್ತಿನ ಮೇಲೆ ಪ್ರವೇಶ ದೊರೆಯಿತು. ಆ ಅಪಮಾನವನ್ನು ಆಕೆ ಮುಪ್ಪಿನಲ್ಲೂ ಮರೆಯಲಿಲ್ಲ. ಎಂ. ಶ್ರೀನಿವಾಸಯ್ಯನವರ ಬಳಿ ಕೆಲಸ ಕಲಿತು, ಹಾಲು ಬೇಳೆಕಾಳುಗಳ ಪ್ರೋಟೀನನ್ನು ಅಭ್ಯಾಸ ಮಾಡಿದರು; ರಾಮನ್ನರೂ ಮೆಚ್ಚಿದರು. ಇತರ ಹೆಣ್ಣುಮಕ್ಕಳಿಗೂ ದಾರಿಯಾಯಿತು. 1939ರಲ್ಲಿ ಕೇಂಬ್ರಿಜ್ ಅವರಿಗೆ ಡಾಕ್ಟರೇಟ್ ನೀಡಿತು.

ಇವರ ಜಾಣ್ಮೆಯನ್ನು ಹೊಗಳಿದರೆ ಸಾಲದು, ಮನೆಗಳನ್ನೂ ನೋಡಬೇಕು. ಕಮಲಾ ಅವರ ತಂದೆಯೂ ತಂದೆಯ ಸೋದರರೂ ಅದೇ ಸಂಸ್ಥೆಯಲ್ಲಿ ಓದಿದ ರಸಾಯನಶಾಸ್ತ್ರಜ್ಞರು. ರಾಜೇಶ್ವರಿಯವರ ಅಜ್ಜಿ ಕಮಲಮ್ಮ ದಾಸಪ್ಪನವರು ಹಳೆಯ ಮೈಸೂರು ಸಂಸ್ಥಾನದ ಮೊದಮೊದಲ ಪದವೀಧರೆಯರಲ್ಲೊಬ್ಬರು. ಮುಂದೆ ನಡೆದವರು ಮನೆಯಲ್ಲೇ ಇದ್ದುದರಿಂದ ಈ ಮಕ್ಕಳಿಗೆ ದಾರಿ ಅಪರಿಚಿತವೆನಿಸಲಿಲ್ಲ. ಅಂಥವರಿಲ್ಲದ ಮನೆಯ ಮಗಳ ಗತಿಯೇನು?

ನಾನು ಕನ್ನಡ ಪಾಠ ಹೇಳುವವನು. ಹಿಂದೊಮ್ಮೆ ಹತ್ತನೆಯ ತರಗತಿಯಲ್ಲಿ ಛಂದಸ್ಸು ನಡೆಯುತ್ತಿತ್ತು. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಐದು ಮಾತ್ರೆಯ ಗಣ ಎಷ್ಟು ಬಗೆಯಲ್ಲಿ ಬರಬಹುದೆಂದು ಕೇಳಿದೆ. ಒಬ್ಬ ಹುಡುಗಿ, “ಎಂಟು, ಸಾರ್. ಮೂರು ಮಾತ್ರೆಗೆ ಮೂರು, ನಾಲ್ಕಕ್ಕೆ ಐದು, ಎರಡನ್ನೂ ಕೂಡಿದರೆ ಐದು ಮಾತ್ರೆಯದು ಸಿಗುತ್ತದೆ” ಎಂದಳು. ನಾನು ಹೇಳಿಕೊಟ್ಟ ಸೂತ್ರವಲ್ಲ, ತಾನೇ ಕಂಡುಕೊಂಡದ್ದು. ಪರೀಕ್ಷೆ ಮುಗಿದ ಮೇಲೆ ಅವಳ ತಂದೆ ಬಂದು, “ಸೈನ್ಸ್ ಕಾಲೇಜು ದೂರ, ಹಾಸ್ಟೆಲಿಗೆ ಸೇರಿಸಬೇಕು. ನೀವೇನಂತೀರಿ, ಮೇಷ್ಟ್ರೇ?” ಎಂದರು. ಕನ್ನಡ ಪಂಡಿತನಿಗೇಕೆ ಈ ಅಧಿಕಪ್ರಸಂಗವೆಂದು, “ನಿಮ್ಮಿಷ್ಟ” ಎಂದುಬಿಟ್ಟೆ. ಅವಳ ಓದು ಅಲ್ಲಿಗೇ ನಿಂತಿತು. ಆ ಒಂದು ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಆದುದರಿಂದ ತಂದೆತಾಯಿಗಳಲ್ಲಿ ನನ್ನ ಬಿನ್ನಹವಿಷ್ಟೆ. ‘ಬೇಡ’ ಎನ್ನುವ ಮೊದಲು ಆ ಕಾಲೇಜನ್ನೂ ಹಾಸ್ಟೆಲನ್ನೂ ಕಣ್ಣಾರೆ ನೋಡಿಬನ್ನಿ. ಸಂಜೆ ಮಗ ಓದಲು ಕುಳಿತ ಹೊತ್ತಿನಲ್ಲಿ ಮಗಳನ್ನೂ ಪಾತ್ರೆಗಳ ಬಳಿಯಿಂದ ಬಿಡಿಸಿ ಕೂರಿಸಿ. ಉಪಾಧ್ಯಾಯರನ್ನು ಕೇಳಿ, ನನ್ನಂತೆ ನುಣುಚಿಕೊಂಡರೆ ಮತ್ತೊಮ್ಮೆ ಕೇಳಿ. ಮನೆಯಲ್ಲಿ ಮುಂದೆ ನಡೆದವರಿಲ್ಲದಿದ್ದರೆ, ಮಗಳೇ ಮೊದಲು ನಡೆಯಲಿ. ಅವಳ ಮೊಮ್ಮಗಳಿಗೆ ಆಗ ದಾರಿ ತೋರುವ ಅಜ್ಜಿ ಇರುತ್ತಾಳೆ.