ಸಿದ್ಧ ಆಹಾರದಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ
ಸೌದಿ ಅರೇಬಿಯಾದ ರಿಯಾದ್, ಜೆಡ್ಡಾ ನಗರಗಳ ಶವರ್ಮಾ ಅಂಗಡಿಗಳಲ್ಲಿ ಸರಳಿಗೆ ಪೋಣಿಸಿದ ಕೋಳಿಮಾಂಸ ಬೆಂಕಿಯ ಮುಂದೆ ನಿಧಾನವಾಗಿ ತಿರುಗುತ್ತಿರುತ್ತದೆ. ಮೊದಲು ಬೇಯುವುದು ಹೊರಪದರ ಮಾತ್ರ. ಒಳಭಾಗ ಎಷ್ಟೋ ಹೊತ್ತು ಹಸಿಯಾಗಿಯೇ ಇರುತ್ತದೆ. ಗಿರಾಕಿಗಳು ಮುಗಿಬಿದ್ದಾಗ ಚಾಕು ತುಸು ಆಳಕ್ಕಿಳಿದರೆ ಅರೆಬೆಂದ ಮಾಂಸವೂ ರೊಟ್ಟಿಯೊಳಗೆ ಸೇರುತ್ತದೆ. ಜೊತೆಗೆ ಬೆಳ್ಳುಳ್ಳಿ ಮಯೋನೀಸ್, ಹೆಚ್ಚಿಟ್ಟ ಹಸಿ ತರಕಾರಿ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ವೇಗವಾಗಿ ಬೆಳೆಯುತ್ತವೆ. ಬೇಸಿಗೆಯಲ್ಲಿ 45 ಡಿಗ್ರಿ ಮುಟ್ಟುವ ರಿಯಾದಿನಲ್ಲಿ ಫ್ರಿಜ್‌ನಿಂದ ಹೊರಗಿಟ್ಟ ಆಹಾರ ಬೇಗ ಕೆಡುತ್ತದೆ.

ಆ ಬ್ಯಾಕ್ಟೀರಿಯಾ ಔಷಧಕ್ಕೂ ಬಗ್ಗದಿದ್ದರೆ ಚಿಕಿತ್ಸೆಯೇ ಕಷ್ಟ. ಕೋಳಿ ಸಾಕಣೆಯಲ್ಲಿ ಆಂಟಿಬಯೋಟಿಕ್ ಬಳಸಿದಷ್ಟೂ ಅದನ್ನು ತಾಳಿಕೊಂಡವು ಉಳಿದು ಹೆಚ್ಚುತ್ತವೆ. ಕೆಲವು ಇ. ಕೋಲಿ, ಸಾಲ್ಮೊನೆಲ್ಲಾ ತಳಿಗಳು ಬೀಟಾ ಲ್ಯಾಕ್ಟಮೇಸ್ ಎಂಬ ಕಿಣ್ವದಿಂದ ಪೆನಿಸಿಲಿನ್ ಬಗೆಯ ಔಷಧಗಳನ್ನು ಒಡೆದುಹಾಕುತ್ತವೆ. ಆ ಸಾಮರ್ಥ್ಯದ ಜೀನನ್ನು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದ ಮೂಲಕ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸಬಲ್ಲವು. ಆತಂಕ ಹುಟ್ಟಿಸುವ ಸಂಗತಿ ಇದೇ. ಚೆನ್ನಾಗಿ ಬೇಯಿಸಿದರೆ ಇವೂ ಸಾಯುತ್ತವೆ. ಆದರೆ ಬೇಯಿಸಿದ ಮೇಲೆ ಅಡುಗೆಯವರ ಕೈ, ಮೂಗಿನಿಂದ ಸೇರುವ ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಬಿಸಿಮಾಡಿದರೂ ಹೋಗುವುದಿಲ್ಲ.

ವೈದ್ಯರ ಚೀಟಿಯಿಲ್ಲದೆ ಆಂಟಿಬಯೋಟಿಕ್ ಮಾರುವುದರ ಮೇಲಿನ ನಿಷೇಧವನ್ನು ಸೌದಿ ಆರೋಗ್ಯ ಸಚಿವಾಲಯ 2018ರಲ್ಲಿ ಬಿಗಿಯಾಗಿ ಜಾರಿಗೆ ತಂದಿತು. 2024ರ ನವೆಂಬರ್‌ನಲ್ಲಿ ಔಷಧಕ್ಕೆ ಬಗ್ಗದ ಸೂಕ್ಷ್ಮಜೀವಿಗಳ ಸಮಸ್ಯೆ ಕುರಿತ ಸಚಿವರ ಜಾಗತಿಕ ಸಮ್ಮೇಳನ ಜೆಡ್ಡಾದಲ್ಲೇ ನಡೆಯಿತು. ಹಜ್ ಕಾಲದಲ್ಲಿ ಮೆಕ್ಕಾಕ್ಕೆ ಕರ್ನಾಟಕದವರೂ ಸೇರಿ ಲಕ್ಷಾಂತರ ಯಾತ್ರಿಕರು ಬರುತ್ತಾರೆ. ಅಲ್ಲಿ ಹೊಟ್ಟೆ ಸೇರಿದ ನಿರೋಧಕ ಬ್ಯಾಕ್ಟೀರಿಯಾ, ಕಾಯಿಲೆಯ ಸುಳಿವನ್ನೇ ಕೊಡದೆ ಅವರೊಂದಿಗೆ ಊರಿಗೂ ಬರಬಲ್ಲವು.