ಆವಾಸ ಬೇರೆ, ಹರವು ಬೇರೆ: ಪೋರ್ಚುಗೀಸ್ ಸಹಸ್ರಪದಿಯ ಒಂದು ಉದಾಹರಣೆ

ಕರುಮತ್ತಂಪಟ್ಟಿಯಿಂದ ಮಾತಾಡ್ತಿದ್ದೀನಿ. ಮುಟ್ಟಿದರೆ ಸುರುಳಿ ಸುತ್ತಿಕೊಳ್ಳುವ ಹುಳವನ್ನು ಇಲ್ಲಿಯ ತಮಿಳಿನಲ್ಲಿ 'ಮರವಟ್ಟೈ' ಅಂತಾರೆ, 'ರಯಿಲ್ ಪೂಚ್ಚಿ' ಅಂತಲೂ ಕರೀತಾರೆ. ನಮ್ಮ ಪಠ್ಯಪುಸ್ತಕದಲ್ಲಿ ಅದು ಸಹಸ್ರಪದಿ, ಕರಾವಳಿಯಲ್ಲಿ ಚೋರಟೆ. ಇವೆಲ್ಲ ಇಡೀ ಗುಂಪಿನ ಹೆಸರುಗಳು. ಇವತ್ತು ನಾನು ಹೇಳೋದು ಆ ಗುಂಪಿನ ಒಂದೇ ಜಾತಿಯ ಬಗ್ಗೆ: ಯುರೋಪ್ ಮೂಲದ ಪೋರ್ಚುಗೀಸ್ ಸಹಸ್ರಪದಿ, ಅಂದರೆ ಒಮ್ಮಾಟೊಯುಲಸ್ ಮೊರೆಲೆಟಿ.

ಇದನ್ನೇ ಆರಿಸಿದ್ದಕ್ಕೆ ಕಾರಣ ಭಾಷೆಯದು. ಕನ್ನಡದ ವಿಜ್ಞಾನ ಬರಹದಲ್ಲಿ 'ನೆಲೆ' ಎಂಬ ಪದ ಎರಡು ಪ್ರಶ್ನೆಗಳನ್ನು ಒಂದೇ ಮಾಡಿಬಿಡುತ್ತೆ. ಜೀವಿ ಎಂಥ ಜಾಗದಲ್ಲಿ ಬದುಕುತ್ತೆ? ಇದು ಆವಾಸ. ಭೂಮಿಯ ಮೇಲೆ ಎಲ್ಲೆಲ್ಲಿ ಇದೆ? ಇದು ಹರವು.

ಮೊದಲು ಆವಾಸ. ಈ ಹುಳಕ್ಕೆ ಬೇಕಾದದ್ದು ತೇವ, ನೆರಳು, ಕೊಳೆಯುವ ಎಲೆ. ಕಾಡಿನ ತರಗೆಲೆ, ಹುಲ್ಲುಗಾವಲು, ಕಲ್ಲಿನ ಅಡಿ, ತೋಟದ ಮಣ್ಣು, ಎಲ್ಲವೂ ಆದೀತು. ಒಣ ಬೇಸಿಗೆಯಲ್ಲಿ ಅಡಗಿರುತ್ತೆ. ಶರತ್ಕಾಲದ ಮಳೆ ಬಿದ್ದ ಕೂಡಲೇ ಹೊರಬಂದು ಕೂಡುತ್ತೆ, ಮಣ್ಣಿನಲ್ಲಿ ಮೊಟ್ಟೆ ಇಡುತ್ತೆ. ರಾತ್ರಿ ಬೆಳಕಿನ ಕಡೆ ಹೋಗುವ ಸ್ವಭಾವದಿಂದಾಗಿ ಮನೆಯೊಳಗೂ ನುಗ್ಗುತ್ತೆ. ಕಚ್ಚುವುದಿಲ್ಲ, ಕೆಣಕಿದರೆ ಗಾಟು ವಾಸನೆಯ, ಕಲೆ ಮಾಡುವ ರಸ ಸೂಸುತ್ತೆ.

ಇನ್ನು ಹರವು. ಇದರ ಮೂಲ ಪೋರ್ಚುಗಲ್ ಮತ್ತು ಸ್ಪೇನಿನ ಐಬೀರಿಯಾ ಪರ್ಯಾಯದ್ವೀಪ. 1953ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಬಂದರು ಪಟ್ಟಣ ಪೋರ್ಟ್ ಲಿಂಕನ್‌ನಲ್ಲಿ ಕಾಣಿಸಿಕೊಂಡಿತು. ಅಲ್ಲಿಂದ ದಕ್ಷಿಣ ಆಸ್ಟ್ರೇಲಿಯಾದ ಆಚೆಗೂ ಹಬ್ಬಿತು. ದಕ್ಷಿಣ ಆಫ್ರಿಕಾದ ಕೇಪ್ ಪ್ರದೇಶಕ್ಕೂ ಹೋಗಿದೆ. ಇಷ್ಟು ನಿಧಾನ ನಡೆಯುವ ಹುಳ ಸಾಗರ ದಾಟಿದ್ದು ಸ್ವಂತ ಕಾಲಿನಿಂದಲ್ಲ, ಮನುಷ್ಯರ ಸರಕು ಸಾಗಣೆಯಿಂದ. ಆದರೆ ಇಳಿದ ಕಡೆಯೆಲ್ಲ ಬದುಕಲಿಲ್ಲ. ಮಳೆಯ ಚಳಿಗಾಲ, ಒಣ ಬೇಸಿಗೆ ಇರುವ ಕಡೆ, ಅಂದರೆ ತವರಿನಂಥ ಹವೆ ಸಿಕ್ಕಲ್ಲಿ, ಚೆನ್ನಾಗಿ ಬೇರೂರಿತು. ಹರವನ್ನು ಮನುಷ್ಯ ಹಿಗ್ಗಿಸಿದ. ಅದು ಎಲ್ಲಿ ನಿಲ್ಲಬೇಕು ಅನ್ನೋದನ್ನು ಆವಾಸ ತೀರ್ಮಾನಿಸಿತು.

2013ರಲ್ಲಿ ಪರ್ತ್ ಬಳಿಯ ಕ್ಲಾರ್ಕ್‌ಸನ್ ನಿಲ್ದಾಣದಲ್ಲಿ ನಿಂತಿದ್ದ ರೈಲಿಗೆ ಇನ್ನೊಂದು ರೈಲು ಗುದ್ದಿತು. ಹಳಿಯ ಮೇಲೆ ಅರೆದುಹೋಗಿದ್ದ ಈ ಹುಳಗಳಿಂದ ಗಾಲಿ ಜಾರಿರಬಹುದೆಂದು ಆಗ ಶಂಕಿಸಲಾಯಿತು.

'ಇದು ಯುರೋಪಿನಲ್ಲಿ ವಾಸಿಸುವ ಹುಳ' ಎಂದು ಬರೆದು ನಿಲ್ಲಿಸಿದರೆ ಈ ರೈಲಿನ ಕತೆ ಅರ್ಥವೇ ಆಗಲ್ಲ. ಎಂಥ ಜಾಗ, ಮೂಲ ಯಾವುದು, ಈಗ ಎಲ್ಲೆಲ್ಲಿ ಅನ್ನೋ ಮೂರನ್ನೂ ಬೇರೆಬೇರೆ ವಾಕ್ಯಗಳಲ್ಲಿ ಬರೆಯೋಣ. ಪದಗಳು ಕನ್ನಡದಲ್ಲಿ ಈಗಾಗಲೇ ಇವೆ.