ತೆರಿಗೆ ತಂತ್ರಾಂಶ ಕೆಡಿಸಿದ ಲಸಿಕೆ ಲೆಕ್ಕ

2017ರ ಜೂನ್ 27ರಂದು ಅಮೆರಿಕದ ಔಷಧ ಕಂಪನಿ ಮರ್ಕ್‌ನ ಜಾಲಕ್ಕೆ ‘ನಾಟ್‌ಪೆಟ್ಯಾ’ ವೈರಸ್ ನುಗ್ಗಿದ್ದು ಪ್ರಯೋಗಾಲಯದಿಂದಲ್ಲ, ಉಕ್ರೇನಿನಲ್ಲಿ ತೆರಿಗೆ ಲೆಕ್ಕಕ್ಕೆ ಬಳಸುವ ‘ಎಂ.ಇ.ಡಾಕ್’ ತಂತ್ರಾಂಶದ ಅಪ್‌ಡೇಟ್ ಮೂಲಕ. 90 ಸೆಕೆಂಡಿನಲ್ಲಿ ಸುಮಾರು 10 ಸಾವಿರ ಕಂಪ್ಯೂಟರ್‌ಗಳು ಕೈಕೊಟ್ಟವು. ಕೊನೆಗೆ ಲೆಕ್ಕ 40 ಸಾವಿರ ದಾಟಿತು. ಉತ್ಪಾದನೆಗೆ ಪೆಟ್ಟು ಬಿದ್ದು, ಗರ್ಭಕಂಠದ ಕ್ಯಾನ್ಸರ್ ತಡೆಯುವ ಗಾರ್ಡಸಿಲ್-9 ಲಸಿಕೆಯನ್ನು ಕಂಪನಿ ಸರ್ಕಾರಿ ದಾಸ್ತಾನಿನಿಂದ ಕಡ ತಂದು ಪೂರೈಸಬೇಕಾಯಿತು.

ವೈರಸ್ ಬಳಸಿಕೊಂಡ ವಿಂಡೋಸ್ ದೋಷಗಳಲ್ಲಿ ಒಂದಕ್ಕೆ ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್‌ನಲ್ಲೇ ಪ್ಯಾಚ್ ಕೊಟ್ಟಿತ್ತು. ಆದರೆ ಔಷಧ ಕಾರ್ಖಾನೆಯಲ್ಲಿ ಪ್ಯಾಚ್ ಹಾಕುವುದು ಮೊಬೈಲ್ ಅಪ್‌ಡೇಟ್ ಮಾಡಿದಷ್ಟು ಹಗುರವಲ್ಲ. ಮಾತ್ರೆ ಒತ್ತುವ ಯಂತ್ರಕ್ಕೆ ಜೋಡಿಸಿದ ಕಂಪ್ಯೂಟರ್‌ನಲ್ಲಿ ಏನೇ ಬದಲಾಯಿಸಿದರೂ ಗುಣಮಟ್ಟಕ್ಕೆ ಧಕ್ಕೆಯಿಲ್ಲವೆಂದು ದಾಖಲೆ ಸಮೇತ ತೋರಿಸಬೇಕು, ಅದೇ ವ್ಯಾಲಿಡೇಷನ್. ಹಾಗಾಗಿ ಹಳೆಯ ವಿಂಡೋಸ್ ವರ್ಷಗಟ್ಟಲೆ ಹಾಗೇ ಓಡುತ್ತಿರುತ್ತದೆ. ಸುರಕ್ಷೆಗೆಂದೇ ಮಾಡಿದ ನಿಯಮ ಕಳ್ಳನಿಗೂ ಅನುಕೂಲ! ಇನ್ನೊಂದು ತೊಡಕೂ ಇದೆ. ಪ್ರತಿ ಕಂತಿನ ತಯಾರಿಕೆಯ ದಾಖಲೆಯಾದ ಬ್ಯಾಚ್ ರೆಕಾರ್ಡ್ ಸಿಗದಿದ್ದರೆ, ಗೋದಾಮಿನಲ್ಲಿ ಸಿದ್ಧವಾಗಿ ಕೂತ ಔಷಧವನ್ನೂ ಹೊರಗೆ ಬಿಡುವಂತಿಲ್ಲ.

ಪೆಟ್ಟು ಬೀಳುವುದು ತಯಾರಕರಿಗೆ ಮಾತ್ರವಲ್ಲ. 2024ರ ಫೆಬ್ರುವರಿಯಲ್ಲಿ ವಿಮಾ ಬಿಲ್ಲು ಸಾಗಿಸುವ ‘ಚೇಂಜ್ ಹೆಲ್ತ್‌ಕೇರ್’ ಕಂಪನಿ ಸೈಬರ್ ದಾಳಿಗೆ ಕುಸಿದಾಗ, ಅಮೆರಿಕದ ಔಷಧದಂಗಡಿಗಳಲ್ಲಿ ಮದ್ದಿದ್ದರೂ ವಿಮೆಯ ಲೆಕ್ಕಕ್ಕೆ ಕೊಡಲಾಗದೆ ಪರದಾಟ. ಕದ್ದ ಪಾಸ್‌ವರ್ಡ್ ಒಂದೇ ಸಾಕಾಗಿತ್ತು. ದಾಳಿಕೋರರು ಒಳಹೊಕ್ಕ ಪೋರ್ಟಲ್‌ಗೆ ಒಟಿಪಿಯಂಥ ಎರಡನೇ ತಪಾಸಣೆಯೇ ಇರಲಿಲ್ಲ. ಕಂಪನಿ ತೆತ್ತ ಒತ್ತೆಹಣ 2.2 ಕೋಟಿ ಡಾಲರ್.

ನಮ್ಮಲ್ಲೂ 2020ರ ಅಕ್ಟೋಬರ್‌ನಲ್ಲಿ, ಕೋವಿಡ್ ತಡೆಯುವ ಸ್ಪುಟ್ನಿಕ್ ಲಸಿಕೆಯ ಪ್ರಯೋಗಕ್ಕೆ ಅನುಮತಿ ಸಿಕ್ಕ ಬೆನ್ನಲ್ಲೇ, ಹೈದರಾಬಾದಿನ ಡಾ. ರೆಡ್ಡೀಸ್ ದಾಳಿಗೆ ತುತ್ತಾಗಿ ತನ್ನ ಡೇಟಾ ಕೇಂದ್ರಗಳನ್ನು ಪ್ರತ್ಯೇಕಿಸಿತು. 2023ರಲ್ಲಿ ಸನ್ ಫಾರ್ಮಾ ಸರದಿ. ಸೈಬರ್ ದಾಳಿ ಗಮನಕ್ಕೆ ಬಂದ ಆರು ಗಂಟೆಯೊಳಗೆ ತನಗೆ ತಿಳಿಸಬೇಕೆಂದು ದೇಶದ ಸೈಬರ್ ಸುರಕ್ಷಾ ಸಂಸ್ಥೆ ಸರ್ಟ್-ಇನ್ 2022ರಲ್ಲೇ ಆದೇಶಿಸಿದೆ. ನಕಲಿ ಪತ್ತೆಗೆಂದು 2023ರ ಆಗಸ್ಟ್‌ನಿಂದ 300 ಔಷಧ ಬ್ರಾಂಡ್‌ಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯ. ಒಳ್ಳೆಯದೇ, ಆದರೆ ಕೋಡ್‌ನ ಹಿಂದಿರುವ ದತ್ತಾಂಶವನ್ನೇ ಯಾರಾದರೂ ತಿದ್ದಿದರೆ ನಕಲಿ ಸ್ಟ್ರಿಪ್‌ಗೂ ಅಸಲಿಯ ಮುದ್ರೆ ಬಿದ್ದೀತು.

ಕಚ್ಚಾವಸ್ತು ಪೂರೈಸುವವರ ಕಾರ್ಖಾನೆಗೆ ಆಡಿಟರ್‌ಗಳು ಖುದ್ದಾಗಿ ಹೋಗಿ ನೀರು, ಗಾಳಿ, ರಿಜಿಸ್ಟರ್ ಎಲ್ಲವನ್ನೂ ನೋಡಿ ಬರುತ್ತಾರೆ. ಲೆಕ್ಕದ ತಂತ್ರಾಂಶ ಮಾರುವವರಿಗೆ, ದೂರದಿಂದಲೇ ಯಂತ್ರ ರಿಪೇರಿ ಮಾಡುವ ಗುತ್ತಿಗೆದಾರರಿಗೆ ಅದೇ ಬಿಗಿ ಏಕಿರಬಾರದು? ಅವರ ಲಾಗಿನ್ ಕೆಲಸ ಮುಗಿದೊಡನೆ ಮುಚ್ಚಬೇಕು. ಕಚೇರಿಯ ಜಾಲ ಬಿದ್ದರೂ ಉತ್ಪಾದನೆಯ ಜಾಲ ಬೇರೆಯೇ ನಿಂತು ನಡೆಯಬೇಕು. ಬ್ಯಾಕಪ್ ಇದ್ದರಷ್ಟೇ ಸಾಲದು. ಅದರಿಂದ ಒಂದು ಬ್ಯಾಚ್ ರೆಕಾರ್ಡನ್ನಾದರೂ ಮರಳಿ ತೆಗೆದು ತೋರಿಸಿ ಎಂದು ಔಷಧ ಇನ್‌ಸ್ಪೆಕ್ಟರ್ ಕೇಳುವಂತಾಗಬೇಕು.